ಆಟ ಆಡಿಸುವವರು

ಹಂಪೆಯ ಮಂಟಪಗಳಲ್ಲಿ ತಿರುಗಾಡಿದವರು ನೆಲದ ಕಲ್ಲುಹಾಸನ್ನು ಒಮ್ಮೆ ಬಗ್ಗಿ ನೋಡಿದ್ದರೆ, ಅಲ್ಲಲ್ಲಿ ಕೊರೆದಿರುವ ಆಟದ ಮನೆಗಳನ್ನು ಕಂಡಿರಬಹುದು. ಹುಲಿ-ಕುರಿಯ ಗೆರೆಗಳು, ಚೌಕದ ಮನೆಗಳು, ಸಾಲು ಗುಳಿಗಳು. ಯಾರು ಕೊರೆದರೋ, ಎಂದು ಕೊರೆದರೋ! ಕಾವಲಿನವನೋ, ಕಲ್ಲುಕುಟಿಗನೋ, ಮಳೆಗೆ ಒಳಹೊಕ್ಕ ದಾರಿಹೋಕನೋ ಇದ್ದಿರಬೇಕು. ಅಂಥ ಆಟಕ್ಕೆ ಬೇಕಾದದ್ದು ಇಬ್ಬರು ಮನುಷ್ಯರು, ಒಂದು ಹಿಡಿ ಹುಣಿಸೆಬೀಜ. ಬೇಸರವಾದರೆ ಎದ್ದು ಹೋಗಬಹುದು. ಕರೆಯುವವರೂ ಇಲ್ಲ, ಕೇಳುವವರೂ ಇಲ್ಲ.

ಆದರೆ ನಮ್ಮ ಸೀಮೆಯಲ್ಲಿ ಬರಿದೆ 'ಆಟ' ಎಂದರೆ ಬೇರೆಯೇ ಅರ್ಥ. "ನಿಮ್ಮೂರಾಗ ಈ ವರ್ಷ ಆಟ ಐತೇನು?" ಎಂದು ಕಂಪ್ಲಿಯ ಬಸ್‌ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ, ಅದು ಹುಲಿ-ಕುರಿಯ ಮಾತಲ್ಲ, ಕ್ರಿಕೆಟ್ಟಿನ ಮಾತೂ ಅಲ್ಲ. ಅದು ದೊಡ್ಡಾಟದ ಮಾತು. ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿ, ಭುಜಕೀರ್ತಿ ಕಿರೀಟಗಳನ್ನು ಧರಿಸಿ, ಮದ್ದಳೆಯ ಪೆಟ್ಟಿಗೆ ಅಟ್ಟ ನಡುಗುವಂತೆ ಕುಣಿದು, ಬೆಳಗಿನ ಜಾವದ ಮಂಗಳದವರೆಗೆ ನಡೆಯುವ ಆಟ. ಇದಕ್ಕೆ ಇಬ್ಬರು ಸಾಲದು, ಐವತ್ತು ಜನ ಬೇಕು. ಆ ಐವತ್ತು ಜನರಲ್ಲಿ ಕಲಿಸುವ ಮಾಸ್ತರನಿಗೂ, ವೇಷಭೂಷಣ ಬಾಡಿಗೆಗೆ ಕೊಡುವವರಿಗೂ, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದವರಿಗೂ ಹಣ ಸಲ್ಲುತ್ತದೆ. ಉಳಿದವರೆಲ್ಲ ಕೈಯಿಂದ ಹಾಕಿ ಕುಣಿಯುವವರು. ಭೀಮನಾಗುವ ಸುಖಕ್ಕೆ ಭೀಮನೇ ವಂತಿಗೆ ಕೊಡುತ್ತಾನೆ.

ಬಯಲಾಟವನ್ನು ಕುರಿತು ಬಲ್ಲವರು ಬರೆದಿದ್ದಾರೆ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಅಭ್ಯಾಸಕ್ಕೆ ಎತ್ತಿಕೊಂಡವರು. 2017ರಲ್ಲಿ ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಒಂದು ಅಕಾಡೆಮಿಯೂ ಆಯಿತು. ಕುಣಿತದ ವಿಚಾರ, ಪದದ ವಿಚಾರ, ವಚನದ ವಿಚಾರ ಅವರೆಲ್ಲರಿಗೆ ಸೇರಿದ್ದು. ನಾನು ಇಲ್ಲಿ ಹೇಳಹೊರಟಿರುವುದು ಅಟ್ಟದ ಹಿಂದೆ ಟಾರ್ಚು ಹಿಡಿದು ಓಡಾಡುವವನ ವಿಚಾರ. ಅವನಿಗೆ ನಮ್ಮೂರಲ್ಲಿ 'ಆಟ ಆಡಿಸುವವ' ಎನ್ನುತ್ತಾರೆ.

ಅವನ ಕೆಲಸಗಳನ್ನು ಎಣಿಸಿ ನೋಡೋಣ. ಸುಗ್ಗಿಯ ಲೆಕ್ಕ ನೋಡಿ ಆಟದ ದಿನವನ್ನು ಗೊತ್ತುಮಾಡಬೇಕು. ಮಾಸ್ತರನನ್ನು ಹುಡುಕಿ, ವೀಳ್ಯ ಕೊಟ್ಟು, ಮುಂಗಡ ಕೊಡಬೇಕು. ಗೆಜ್ಜೆಪೂಜೆಗೆ ಎಲ್ಲರನ್ನೂ ಕೂಡಿಸಬೇಕು. ಪಾತ್ರ ಹಂಚಬೇಕು; ಅಣ್ಣನಿಗೆ ಅರ್ಜುನ ಕೊಟ್ಟು ತಮ್ಮನಿಗೆ ನಕುಲ ಕೊಟ್ಟರೆ ಎರಡು ಮನೆಗಳ ಒಲೆ ಬೇರೆಯಾಗದಂತೆ ನೋಡಿಕೊಳ್ಳಬೇಕು. ಮೂರು ನಾಲ್ಕು ತಿಂಗಳು ರಾತ್ರಿ ಊಟವಾದ ಮೇಲೆ ಮನೆಮನೆಗೆ ಹೋಗಿ ಪಾತ್ರಧಾರಿಗಳನ್ನು ತಾಲೀಮಿಗೆ ಎಬ್ಬಿಸಿ ತರಬೇಕು. ವಂತಿಗೆ ವಸೂಲು ಮಾಡಬೇಕು. ಕೊಡದವನನ್ನು ನೋಯಿಸಲೂ ಕೂಡದು. ಠಾಣೆಗೆ ಹೋಗಿ ಅನುಮತಿ ತರಬೇಕು. ಆಟದ ರಾತ್ರಿ ಜನರೇಟರು ಕೆಟ್ಟರೆ, ಶಕುನಿಗೆ ದನಿ ಬಿದ್ದರೆ, ಮದ್ದಳೆಯವರಿಗೆ ಚಹ ತಡವಾದರೆ, ಎಲ್ಲರೂ ಕೂಗುವ ಹೆಸರು ಒಂದೇ.

ನಮ್ಮೂರಲ್ಲಿ ಆ ಹೆಸರು ನಮ್ಮ ದೊಡ್ಡಪ್ಪನದು. 2002ರಿಂದ 2019ರವರೆಗೆ ಹದಿನೆಂಟು ಆಟಗಳನ್ನು ಅವರು ಆಡಿಸಿದರು. ಓದು ಬಾರದವರಾದರೂ ನೂರೈವತ್ತು ಮನೆಗಳ ವಂತಿಗೆ ಅವರ ನಾಲಿಗೆಯ ಮೇಲಿತ್ತು. ಅವರಿಗೆ ತಿಂಗಳ ಸಂಬಳವಿಲ್ಲ, ಹಾರವಿಲ್ಲ. ಅವರು ಬೇಡಲೂ ಇಲ್ಲ. 2019ರ ಆಟ ಮುಗಿದ ಮರುವಾರ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದಾಗ ಒಬ್ಬ, "ಅದೆಲ್ಲಾ ಇರ್ಲಿ, ಲೆಕ್ಕ ಎಲ್ಲೈತಿ?" ಎಂದ. ದೊಡ್ಡಪ್ಪ ಮನೆಗೆ ಹೋಗಿ, ಬೇರೆಯವರ ಕೈಯಲ್ಲಿ ಬರೆಸಿಟ್ಟಿದ್ದ ಒಂದು ಹಳೆಯ ನೋಟುಬುಕ್ಕನ್ನೂ, ಉಳಿದಿದ್ದ ಮುನ್ನೂರ ನಲವತ್ತು ರೂಪಾಯಿಗಳನ್ನೂ ತಂದು ಕಟ್ಟೆಯ ಮೇಲಿಟ್ಟರು. ಒಂದು ಮಾತೂ ಆಡಲಿಲ್ಲ. ಮರುವರ್ಷ ಮಾರ್ಚಿನಲ್ಲಿ ಕೊರೋನಾ ಬಂತು. ದೇಶವೇ ಬಾಗಿಲು ಹಾಕಿಕೊಂಡಿತು. ಆಟ ಏಕೆ ಇಲ್ಲ ಎಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. ಕೊರೋನಾ ಹೋಯಿತು, ಬಸ್ಸುಗಳು ಬಂದವು, ಸಂತೆ ಬಂತು, ಜಾತ್ರೆ ಬಂತು, ಆಟ ಬರಲಿಲ್ಲ. ಆಗಲೂ ಊರು ಕೊರೋನಾದ ಹೆಸರನ್ನೇ ಹೇಳುತ್ತಿತ್ತು. ನೋಟುಬುಕ್ಕಿನ ಹೆಸರನ್ನು ಯಾರೂ ಹೇಳಲಿಲ್ಲ.

2023ರಲ್ಲಿ ನಾನು ಈ ಕಾಲೇಜಿಗೆ ಸೇರಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಮೊದಲಿಗನಿಗೆ ಲೋಕವನ್ನು ಒಂದೇ ವರ್ಷದಲ್ಲಿ ತಿದ್ದಿಬಿಡುವ ಉಮೇದು ಇರುವುದು ಸಹಜವಷ್ಟೆ. ನಾಲ್ಕು ಜನ ಗೆಳೆಯರನ್ನು ಕೂಡಿಸಿಕೊಂಡು ದೊಡ್ಡಪ್ಪನ ಬಳಿಗೆ ಹೋದೆ.

"ದೊಡ್ಡಪ್ಪ, ಈ ವರ್ಷ ಆಟ ಹಾಕಬೇಕಂತ ಮಾಡೀವಿ. ನೀವು ಮುಂದ ನಿಂದ್ರಬೇಕು."

ಅವರು ಬಾಳೆಯ ಕಂದುಗಳನ್ನು ಬೇರ್ಪಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ನಿಂತಿದ್ದು ಆತಲ್ಲೋ ತಮ್ಮಾ. ಹದಿನೆಂಟು ಆಟ ಆಡಿಸೀನಿ. ಒಂದ ಆಟಾನೂ ಕುಂತು ನೋಡಿಲ್ಲ."

"ಲೆಕ್ಕ ಕೇಳಿದ್ರಂತ ಸಿಟ್ಟೇನು?"

"ಲೆಕ್ಕ ಕೇಳಿದ್ದಕ್ಕ ಸಿಟ್ಟಿಲ್ಲಪ್ಪ. ಹದಿನೇಳು ವರ್ಷ ಯಾರೂ ಕೇಳಲಿಲ್ಲ ನೋಡು, ಅದು ತಪ್ಪು. ವರ್ಷಾ ಕೇಳಿದ್ರ ವರ್ಷಾ ಹೇಳ್ತಿದ್ದೆ. ಒಮ್ಮಿಗೇ ಕೇಳಿದ್ರು; ಕಳ್ಳನ್ನ ಕೇಳಿದಂಗ ಕೇಳಿದ್ರು."

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಮುದುಕರಿಗೆ ಮುನಿಸು ಹೆಚ್ಚು ಎಂದುಕೊಂಡು, ಆಟವನ್ನು ನಾನೇ ಆಡಿಸುತ್ತೇನೆ ಎಂದು ಹೊರಟೆ. ದಸರೆಯ ತರುವಾಯ ಗೆಜ್ಜೆಪೂಜೆಯಾಯಿತು. 'ದ್ರೌಪದಿ ವಸ್ತ್ರಾಪಹರಣ' ಎಂದು ಗೊತ್ತಾಯಿತು. ಮೊದಲ ತಿಂಗಳು ಎಲ್ಲವೂ ಚೆನ್ನ. ಎರಡನೆಯ ತಿಂಗಳಲ್ಲಿ ಭೀಮನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಬಂತು. ದುಶ್ಶಾಸನನಿಗೆ ಕನ್ಯೆ ಗೊತ್ತಾಯಿತು. ಅತ್ತೆಯ ಮನೆಯವರ ಮುಂದೆ ಸೀರೆ ಸೆಳೆಯಲು ಅವನು ಒಲ್ಲೆನೆಂದ. ವಿದುರ ಬೆಂಗಳೂರಿಗೆ ಗಾರೆಕೆಲಸಕ್ಕೆ ಹೋದ. ನಾನು ಬೆಳಿಗ್ಗೆ ಆರಕ್ಕೆ ಎದ್ದು ಕಂಪ್ಲಿಗೆ ಬಂದು, ಅಲ್ಲಿಂದ ಹೊಸಪೇಟೆಯ ಬಸ್ಸು ಹಿಡಿದು, ಸಂಜೆ ಹಿಂತಿರುಗಿ, ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ತಾಲೀಮಿನಲ್ಲಿ ಕೂಡುತ್ತಿದ್ದೆ. ತರಗತಿಯಲ್ಲಿ ತೂಕಡಿಸಿದೆ. ತಾಲೀಮಿಗೆ ಬಾರದವರ ಮೇಲೆ ಸಿಡಿಮಿಡಿಗೊಂಡೆ. ಒಂದು ರಾತ್ರಿ ಶಕುನಿಯ ಪಾತ್ರದವನಿಗೆ, "ನಿನ್ನಂಥವ್ರ ಸಲುವಾಗಿ ನಾ ಯಾಕ ಸಾಯ್ಲಿ?" ಎಂದುಬಿಟ್ಟೆ. ಅವನು ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು. ದಿನವೆಲ್ಲ ಗದ್ದೆಯಲ್ಲಿ ದುಡಿದು ಬಂದವನು. ಮರುದಿನದಿಂದ ಅವನು ಬರಲಿಲ್ಲ. ಅವನ ಜೊತೆಗೆ ಮದ್ದಳೆಯವನೂ ಬರಲಿಲ್ಲ. ಮೂರನೆಯ ತಿಂಗಳಿಗೆ ಮಾಸ್ತರರು ಮುಂಗಡದಲ್ಲಿ ಅರ್ಧವನ್ನು ನನ್ನ ಕೈಗೆ ಹಿಂದಿರುಗಿಸಿ, "ಮುಂದಿನ ವರ್ಷ ನೋಡೋಣ ಬಿಡ್ರಿ" ಎಂದು ಹೊರಟುಹೋದರು. ಅದು ಬರಗಾಲದ ವರ್ಷ. ಆಟ ನಿಂತದ್ದಕ್ಕೆ ಬರವೇ ಕಾರಣವೆಂದು ಹೇಳಿದೆ. ಊರು ನಂಬಿತು. ನಾನು ನಂಬಲಿಲ್ಲ.

ಆ ಬೇಸಗೆಯಲ್ಲಿ ಈ ವಿಚಾರ ನನ್ನ ತಲೆಯನ್ನು ಬಿಡಲಿಲ್ಲ. ಹೊಸಪೇಟೆಯಲ್ಲಿ ಓದುವ ನಮಗೆ ಒಂದು ಅನುಕೂಲವುಂಟು: ಸಂಡೂರಿನ ಕಡೆಯವರು, ಕಮಲಾಪುರ ಹಂಪೆಗಳ ಕಡೆಯವರು, ಕಂಪ್ಲಿಯ ಕಡೆಯವರು ಒಂದೇ ಬೆಂಚಿನಲ್ಲಿ ಕೂಡುತ್ತೇವೆ. 2021ರಲ್ಲಿ ಜಿಲ್ಲೆ ಎರಡಾಗಿ, ಹೊಸಪೇಟೆ ವಿಜಯನಗರಕ್ಕೂ ಸಂಡೂರು ಕಂಪ್ಲಿಗಳು ಬಳ್ಳಾರಿಗೂ ಸೇರಿದವು. ಬೆಂಚು ಮಾತ್ರ ಒಡೆಯಲಿಲ್ಲ. ನಾನು ಗೆಳೆಯರನ್ನೆಲ್ಲ ಕೇಳತೊಡಗಿದೆ.

ಸಂಡೂರಿನ ಕಡೆಯ ಗೆಳೆಯ ತನ್ನ ತಂದೆಯಿಂದ ಕೇಳಿದ ಒಂದು ಸಂಗತಿಯನ್ನು ಹೇಳಿದ. ಅವರೂರಲ್ಲಿಯೂ ಆಟವಿತ್ತು. ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದ ಕಾಲ ಅದು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಯುವುದಕ್ಕೆ ಮುಂಚಿನ ಮಾತು. ಲಾರಿಗಳ ಒಡೆಯನೊಬ್ಬ, "ವಂತಿಗೆ ಯಾಕ್ ಎತ್ತೀರಿ, ಎಲ್ಲಾ ನಾನೇ ಕೊಡ್ತೀನಿ" ಎಂದನಂತೆ. ಆ ವರ್ಷದ ಆಟ ಬಹಳ ವೈಭವದಿಂದ ಆಯಿತು. ಮರುವರ್ಷ ತಾಲೀಮಿಗೆ ಅರ್ಧ ಜನ ಬರಲಿಲ್ಲ. ಆಡಿಸುವವರೂ, "ಅವರದ ಆಟ, ಅವರ ನೋಡಿಕೊಳ್ಳಲಿ" ಎಂದು ಸುಮ್ಮನಾದರು. ಗಣಿ ನಿಂತಾಗ ಹಣವೂ ನಿಂತಿತು. ವಂತಿಗೆ ಎತ್ತುವ ಅಭ್ಯಾಸ ಅದಕ್ಕೆ ಮೊದಲೇ ಸತ್ತಿತ್ತು. ಕೈಯಿಂದ ಹತ್ತು ರೂಪಾಯಿ ಹಾಕಿದವನಿಗೆ ಆಟದ ಮೇಲೆ ಹತ್ತು ರೂಪಾಯಿಯ ಹಕ್ಕಿರುತ್ತದೆ. ಆ ಹಕ್ಕನ್ನು ಕಳೆದುಕೊಂಡವನು ನೋಡಲು ಬಂದಾನೇ ಹೊರತು ದುಡಿಯಲು ಬಾರನು.

ಹಂಪೆಯ ಕಡೆಯ ಗೆಳೆಯ ವಿರೂಪಾಕ್ಷನ ತೇರಿನ ಮಾತು ತೆಗೆದ. ಹಗ್ಗ ಎಳೆಯಲು ಸಾವಿರ ಕೈಗಳುಂಟು. ಗಾಲಿಯ ಪಕ್ಕದಲ್ಲಿ ಬಾಗಿ, ಮರದ ತುಂಡು ಕೊಟ್ಟು, ತೇರು ದಾರಿ ತಪ್ಪದಂತೆ ನೋಡಿಕೊಳ್ಳುವವರು ಕೆಲವರೇ. ಎಲ್ಲರೂ ಕಳಸಕ್ಕೆ ಬಾಳೆಹಣ್ಣು ಎಸೆಯುವ ಹೊತ್ತಿನಲ್ಲಿ ಇವರ ಕಣ್ಣು ಗಾಲಿಯ ಮೇಲೆಯೇ ಇರುತ್ತದೆ. "ತೇರು ನೋಡಾಕ ಆಗೂದ ಇಲ್ಲ ಅವ್ರಿಗೆ" ಎಂದ. ನನಗೆ ದೊಡ್ಡಪ್ಪನ ಮಾತು ಥಟ್ಟನೆ ನೆನಪಾಯಿತು.

ಗ್ರಂಥಾಲಯದಲ್ಲಿ ಬಳ್ಳಾರಿಯ ರಂಗಭೂಮಿಯ ವಿಷಯವನ್ನು ಓದಿದಾಗ ಇನ್ನೊಂದು ಸಂಗತಿ ಹೊಳೆಯಿತು. ಹಿಂದೆ ಬಳ್ಳಾರಿಯಲ್ಲಿ ಎರಡು ಹೆಸರಾಂತ ಹವ್ಯಾಸಿ ನಾಟಕ ಸಭೆಗಳಿದ್ದವು. ಸರಸ ವಿನೋದಿನಿ ಸಭೆಯನ್ನು ಕಟ್ಟಿದ ಧರ್ಮವರಂ ಕೃಷ್ಣಮಾಚಾರ್ಯರು ವಕೀಲರು. ಸುಮನೋರಮ ಸಭೆಯ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು. ಕೃಷ್ಣಮಾಚಾರ್ಯರ ಸೋದರಳಿಯ ಬಳ್ಳಾರಿ ರಾಘವರು (1880–1946). ಅವರೂ ವಕೀಲಿಯಿಂದ ಅನ್ನ ಉಂಡವರೇ. ನಾಟಕದಿಂದ ಉಂಡದ್ದು ಸಂತೋಷವನ್ನು ಮಾತ್ರ. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದು ನಡೆಸಿದ ಧೀರರು ಅವರು. ಕೃಷ್ಣಮಾಚಾರ್ಯರು ಸಭೆಯ ಮುಂದಾಳು ಮಾತ್ರವಲ್ಲ. ನಾಟಕ ಬರೆದರು, ತಾವೇ ಬಣ್ಣವನ್ನೂ ಹಚ್ಚಿದರು. ಹೊಣೆ ಹೊತ್ತವನಿಗೆ ಆಟದ ಸುಖದಲ್ಲಿಯೂ ಪಾಲಿತ್ತು. ತನ್ನ ತರುವಾಯ ಬರುವವನು ಮನೆಯಲ್ಲೇ ಬೆಳೆಯುತ್ತಿದ್ದನು. ನಮ್ಮ ದೊಡ್ಡಪ್ಪನಿಗೆ ಈ ಎರಡರಲ್ಲಿ ಒಂದನ್ನೂ ಊರು ಕೊಟ್ಟಿರಲಿಲ್ಲ. ಹೊರೆ ಮನುಷ್ಯನನ್ನು ಓಡಿಸುವುದಿಲ್ಲ. ಹೊರೆಯ ಜೊತೆಗಿದ್ದ ಸುಖವನ್ನು ಕಿತ್ತುಕೊಂಡಾಗ ಅವನು ಹೊರೆಯನ್ನು ಇಳಿಸಿ ಹೋಗುತ್ತಾನೆ.

ಇನ್ನು ಹಂಚಿಕೆಯ ಮಾತು. ಅದನ್ನು ಕಲಿಯಲು ದೂರ ಹೋಗಬೇಕಾಗಿರಲಿಲ್ಲ. ತುಂಗಭದ್ರಾ ಅಣೆಕಟ್ಟೆ ಮುಗಿದದ್ದು 1953ರಲ್ಲಿ; ಅದಕ್ಕಿಂತ ಶತಮಾನಗಳ ಹಿಂದಿನಿಂದ ಈ ಭಾಗದಲ್ಲಿ ವಿಜಯನಗರದ ಕಾಲದ ಕಾಲುವೆಗಳು ಹರಿಯುತ್ತಿವೆ: ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ. ಕಾಲುವೆಯ ನೀರಿಗೆ ಸರದಿಯುಂಟು. ಈ ರಾತ್ರಿ ನಿನ್ನದು, ನಾಳೆಯ ರಾತ್ರಿ ನನ್ನದು. ನೀರಗಂಟಿ ಬಂದು ತೂಬು ತಿರುಗಿಸಿದರೆ ಯಾರೂ ಎದುರಾಡುವುದಿಲ್ಲ. ಏಕೆಂದರೆ ಸರದಿ ಮುಗಿದವನಿಗೆ ಮಲಗಲು ಬಿಡುವು, ಸರದಿ ಬರಲಿರುವವನಿಗೆ ನಂಬಿಕೆ. ನೀರಿಗೆ ಇರುವ ನ್ಯಾಯ ಆಟಕ್ಕೆ ಏಕಿರಬಾರದು?

2024ರ ಜೂನಿನಲ್ಲಿ ಮೊದಲು ಶಕುನಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು, "ಕುಂದ್ರು, ಚಾ ಕುಡಿ" ಎಂದ, ಅಷ್ಟಕ್ಕೆ ಮುಗಿಯಿತು. ತರುವಾಯ ಗುಡಿಯ ಮುಂದೆ ಎಲ್ಲರನ್ನೂ ಕೂಡಿಸಿ ನಾಲ್ಕು ಮಾತು ಗೊತ್ತುಮಾಡಿಕೊಂಡೆವು. ಒಂದು, ಆಡಿಸುವವರು ಐದು ಜನ: ವಂತಿಗೆಗೆ ಒಬ್ಬರು, ತಾಲೀಮಿಗೆ ಒಬ್ಬರು, ವೇಷಕ್ಕೆ ಒಬ್ಬರು, ಅಟ್ಟ ದೀಪಗಳಿಗೆ ಒಬ್ಬರು, ಊಟ ಚಹಗಳಿಗೆ ಒಬ್ಬರು, ಪ್ರತಿಯೊಬ್ಬರಿಗೂ ಒಬ್ಬ ಜೋಡಿ, ಒಂದು ವರ್ಷ ಮುಗಿದರೆ ಜೋಡಿಯದೇ ಸರದಿ. ಎರಡು, ಅಮಾವಾಸ್ಯೆಗೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಓದಬೇಕು. ಯಾರು ಕೇಳಲಿ, ಕೇಳದಿರಲಿ. ಮೂರು, ಬಿಡಬೇಕೆಂದವನು ಒಂದು ತಿಂಗಳು ಮುಂಚೆ ಹೇಳಿ ಬಿಡಬಹುದು. ಅವನನ್ನು ಯಾರೂ ಆಡಿಕೊಳ್ಳಬಾರದು, ಎಲೆಅಡಿಕೆ ಕೊಟ್ಟು ಕಳಿಸಬೇಕು. ನಾಲ್ಕು, ಆಡಿಸುವವರಿಗೂ ಒಂದೊಂದು ಪಾತ್ರ ಇರಲೇಬೇಕು, ಎರಡು ಮಾತಿನ ದೂತನಾದರೂ ಸರಿ.

ಲೆಕ್ಕದ ಪುಸ್ತಕ ಯಾರ ಕೈಗೆ ಎಂಬಲ್ಲಿ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ನಮ್ಮ ಚಿಕ್ಕಮ್ಮ ಹಿಂದಿನಿಂದ, "ನಮ್ಮ ಸ್ತ್ರೀಶಕ್ತಿ ಸಂಘದಾಗ ವಾರಕ್ಕೊಮ್ಮೆ ಲೆಕ್ಕ ಓದತೀವಿ, ಒಬ್ರೂ ಸಿಟ್ಟಾಗಂಗಿಲ್ಲ. ಕೊಡ್ರಿ ಇತ್ಲಾಗ" ಎಂದರು. ಗಂಡಸರ ಆಟದೊಳಗೆ ನಮ್ಮೂರ ಹೆಂಗಸರು ಕಾಲಿಟ್ಟದ್ದು ಹೀಗೆ. ಅದು ಒಳ್ಳೆಯದೇ ಆಯಿತು. ವಂತಿಗೆ ಬಾಕಿ ಇಟ್ಟವನು ಗಂಡಸರ ಕಣ್ಣು ತಪ್ಪಿಸಬಲ್ಲ. ಚಿಕ್ಕಮ್ಮ ಅವನ ಹೆಂಡತಿಯ ಕೂಡ ನಳದ ಬಳಿ ನಿಲ್ಲುವವರು.

ಈ ಏರ್ಪಾಡಿಗೆ ಪರೀಕ್ಷೆಯೂ ಬೇಗನೆ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹೊಳೆಯ ದಂಡೆಯ ಊರುಗಳವರಿಗೆ ಒಂದು ಕಡೆ ಪ್ರವಾಹದ ಭಯ, ಇನ್ನೊಂದು ಕಡೆ ಇದ್ದ ನೀರೆಲ್ಲ ಹರಿದುಹೋಗಿ ಬೆಳೆ ಒಣಗೀತೆಂಬ ಭಯ. ಐದು ಜನರಲ್ಲಿ ಮೂವರ ಗದ್ದೆಗಳು ಹೊಳೆಯ ಅಂಚಿನವು. ಅವರಿಗೆ ತಾಲೀಮಿನ ಧ್ಯಾಸವೇ ಇಲ್ಲ. ಹಿಂದಿನ ವರ್ಷವಾಗಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಜೋಡಿಗಳಿದ್ದರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿ ನೀರನ್ನು ತಡೆದರು. ನಮ್ಮ ತಾಲೀಮು ಹದಿನೈದು ದಿನ ತಡೆದು ಮತ್ತೆ ಮೊದಲಾಯಿತು. ಎಲ್ಲವೂ ಸುಸೂತ್ರವಾಯಿತೆಂದು ಹೇಳಿದರೆ ಸುಳ್ಳಾದೀತು. ವೇಷದ ಹೊಣೆಯವನು ನಡುವೆ ಬಿಟ್ಟ; ಎಲೆಅಡಿಕೆ ಕೊಟ್ಟೆವು. ಅರ್ಜುನ ಸಿಗದವನೊಬ್ಬ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ.

ಉಳಿದದ್ದು ದೊಡ್ಡಪ್ಪನ ಮಾತು. ಕೆಲಸ ಹೇಳಲು ಹೋಗದೆ, ಈ ಸಲ ಪಾತ್ರ ಕೊಡಲು ಹೋದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಯಾವುದು?" ಎಂದರು. ನಾನು ಅಂಜುತ್ತಲೇ, "ಧೃತರಾಷ್ಟ್ರ" ಎಂದೆ. ಅವರು ನಕ್ಕುಬಿಟ್ಟರು. "ಹದಿನೆಂಟು ವರ್ಷ ಆಟ ಕಾಣಲಾರದವನಿಗೆ ತಕ್ಕ ಪಾತ್ರ ಹುಡುಕೀಯಲ್ಲೋ!" ಎಂದರು. ಓದು ಬಾರದ ಅವರಿಗೆ ನಾನು ರಾತ್ರಿ ಮಾತುಗಳನ್ನು ಓದಿ ಹೇಳುತ್ತಿದ್ದೆ. ನನ್ನ ಓದು ಮನೆಯವರೊಬ್ಬರಿಗೆ ಹೀಗೆ ಕಣ್ಣೆದುರಿಗೆ ಉಪಯೋಗವಾದದ್ದು ಅದೇ ಮೊದಲು.

2025ರಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಆರು ವರ್ಷಗಳ ತರುವಾಯ ನಮ್ಮೂರ ಬಯಲಿನಲ್ಲಿ ಅಟ್ಟ ಎದ್ದಿತು. ಸಾರಥಿ ಬಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು ಕೇಳುತ್ತಿದ್ದ. ದೊಡ್ಡಪ್ಪನ ಸರದಿ ಬಂದಾಗ, ಕಿರೀಟದ ಕೆಳಗೆ ಕಣ್ಣು ಮುಚ್ಚಿಕೊಂಡು, ಒಂದು ಕೈಯನ್ನು ಸಂಜಯನ ಹೆಗಲ ಮೇಲಿಟ್ಟು ಅವರು ಹೊರಬಂದರು. ಊರು ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಗುರುತು ಹಿಡಿದಾಗ ಎದ್ದ ಶಿಳ್ಳೆಗೆ ಮದ್ದಳೆಯ ದನಿ ಅಡಗಿತು. ಆಯೇರಿ ಮಾಡಲು ಮೊದಲು ಅಟ್ಟ ಹತ್ತಿದವನು, ಅಂದು ಲೆಕ್ಕ ಕೇಳಿದ್ದನಲ್ಲ, ಅವನೇ. ಟವೆಲು ಹೊದಿಸಿ, ನೂರು ರೂಪಾಯಿ ಕೈಗಿಟ್ಟು, ತಲೆ ತಗ್ಗಿಸಿ ಇಳಿದುಹೋದ. ದೊಡ್ಡಪ್ಪ ಕಣ್ಣು ತೆರೆಯಲಿಲ್ಲ. ಧೃತರಾಷ್ಟ್ರ ತೆರೆಯುವಂತೆಯೂ ಇರಲಿಲ್ಲ. ತಮ್ಮ ಪಾತ್ರ ಮುಗಿದ ಮೇಲೆ ಬಣ್ಣದ ಮುಖದಲ್ಲಿಯೇ ಜನರ ನಡುವೆ ಬಂದು ಕೂತು, ಮಂಗಳದವರೆಗೆ ಆಟ ನೋಡಿದರು. ಅಂದು ರಾತ್ರಿ ಜನರೇಟರು ಎರಡು ಸಲ ಕೆಟ್ಟಿತು. ಅವರ ಹೆಸರನ್ನು ಯಾರೂ ಕೂಗಲಿಲ್ಲ.

ಮಿತ್ರರೇ, ನಮ್ಮ ಕಾಲೇಜಿನಲ್ಲಿಯೂ ಇಂಥ ಆಟಗಳು ಎಷ್ಟಿಲ್ಲ? ಕನ್ನಡ ಸಂಘ, ಕಬಡ್ಡಿ ತಂಡ, ಎನ್.ಎಸ್.ಎಸ್. ಶಿಬಿರ, ನೀವು ಕೈಯಲ್ಲಿ ಹಿಡಿದಿರುವ ಈ ಸಂಚಿಕೆ. ಎಲ್ಲದರ ಹಿಂದೆಯೂ ಟಾರ್ಚು ಹಿಡಿದು ಓಡಾಡುವ ಒಬ್ಬರಿರುತ್ತಾರೆ. ಅವರಿಗೆ ಹಾರ ಹಾಕುವುದಕ್ಕಿಂತ ಮೊದಲು ಒಂದು ಗಳಿಗೆ ಆ ಟಾರ್ಚನ್ನು ನಾವು ಹಿಡಿದು, "ನೀವು ಕೂತು ನೋಡಿ" ಎನ್ನುವುದು ಮೇಲಲ್ಲವೆ?

2025–26ರಲ್ಲಿ ಅಣೆಕಟ್ಟೆಯ ಗೇಟುಗಳನ್ನು ಹೊಸದಾಗಿ ಹಾಕುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲ. ಊರಲ್ಲಿ ಹಣದ ಓಡಾಟ ಕಡಿಮೆ. ಆದರೂ ತಾಲೀಮು ನಡೆದಿದೆ. ಆಡಿಸುವವರು ಬೇರೆಯವರು, ಬಾಡಿಗೆಯ ವೇಷವನ್ನು ಕಡಿಮೆ ಮಾಡಿ, ಚಿಕ್ಕ ಆಟವನ್ನೇ ಹಾಕುವರಂತೆ. ನಾನು ಕೊನೆಯ ವರ್ಷದವನು. ಪದವಿಯ ತರುವಾಯ ಹೊಟ್ಟೆಯ ಪಾಡು ನನ್ನನ್ನು ಯಾವ ಊರಿಗೆ ಒಯ್ಯುವುದೋ ತಿಳಿಯದು. ಹೋಗುವವನು ಒಂದು ತಿಂಗಳು ಮುಂಚೆ ಹೇಳಬೇಕೆಂಬ ನಿಯಮ ನಾವೇ ಮಾಡಿದ್ದಷ್ಟೆ. ಕಳೆದ ಅಮಾವಾಸ್ಯೆಯಂದು ಲೆಕ್ಕ ಓದಿದ ಮೇಲೆ ಎದ್ದು ಹೇಳಿದೆ. ಯಾರೂ ಆಡಿಕೊಳ್ಳಲಿಲ್ಲ. ಚಿಕ್ಕಮ್ಮ ಎಲೆಅಡಿಕೆ ಕೊಟ್ಟರು. ದೊಡ್ಡಪ್ಪ ಮಾತ್ರ, "ಆಟದ ರಾತ್ರಿ ಎಲ್ಲಿದ್ರೂ ಬಾರೋ ತಮ್ಮಾ. ನಿನಗೊಂದು ದೂತನ ವೇಷ ಇಟ್ಟಿರ್ತೀವಿ" ಎಂದರು.